ಮಳೆಗಾಲದಲ್ಲೇ ಆರಂಭಿಸಬೇಕಾದ ಜಿಗಿತ: ವಾಲಿಬಾಲ್ ಆಟಗಾರರಿಗೆ ಫ್ಯಾಸಿಯಾ ತರಬೇತಿಯ ಸಮಗ್ರ ಮಾರ್ಗದರ್ಶಿ

ಶಿವಮೊಗ್ಗ, ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯ ವಾಲಿಬಾಲ್ ಆಟಗಾರರು ಜಿಗಿತ ಹೆಚ್ಚಿಸಿಕೊಳ್ಳಲು ಹೊರಟು ಸೋಲುವುದು ಬಹುತೇಕ ಒಂದೇ ರೀತಿಯಲ್ಲಿ. ಹೊನಲು ಬೆಳಕಿನ ಪಂದ್ಯಾವಳಿಗೆ ಒಂದು ತಿಂಗಳು ಉಳಿದಿರುವಾಗ ಮೊಬೈಲಿನಲ್ಲಿ ನೋಡಿದ ವ್ಯಾಯಾಮವನ್ನು ಹಿಡಿಯುತ್ತಾರೆ. ಬೆಂಚೊಂದನ್ನು ಅಂಗಳಕ್ಕೆ ತಂದು ಅದರ ಮೇಲಿಂದ ಧುಮುಕಿ ಜಿಗಿಯುವುದನ್ನು ದಿನಕ್ಕೆ ನೂರು ಸಲ ಮಾಡುತ್ತಾರೆ. ಮೊದಲ ಹತ್ತು ದಿನ ಕಾಲು ಹಗುರವಾದಂತೆ ಅನ್ನಿಸುತ್ತದೆ. ಮೂರನೆಯ ವಾರದ ಹೊತ್ತಿಗೆ ಮಂಡಿಚಿಪ್ಪಿನ ಕೆಳಗೆ ಬೆರಳಿಟ್ಟು ತೋರಿಸಬಹುದಾದಂಥ ನೋವು ಕಾಣಿಸಿಕೊಳ್ಳುತ್ತದೆ. ಆಮೇಲೆ ಎಣ್ಣೆ, ಮುಲಾಮು, ಮೈ ಒತ್ತಿ ಉಜ್ಜಿಕೊಳ್ಳುವ ರೋಲರ್, ಕೊನೆಗೆ ಮಂಡಿಗೆ ಪಟ್ಟಿ. ಮರುವರ್ಷ ಮತ್ತೆ ಅದೇ ಬೆಂಚು. ಇದರಲ್ಲಿ ಆಟಗಾರರ ಶ್ರಮಕ್ಕೆ ಕೊರತೆಯಿಲ್ಲ. ಕೊನೆಗೆ ಮಾಡಬೇಕಾದುದನ್ನು ಮೊದಲು ಮಾಡಿದ್ದಷ್ಟೇ ತಪ್ಪು. ಆದ್ದರಿಂದ ಇಲ್ಲಿ ಯಾವುದರ ನಂತರ ಯಾವುದು, ಎಷ್ಟು ದಿನ, ಯಾವ ಲಕ್ಷಣ ಕಂಡರೆ ನಿಲ್ಲಿಸಬೇಕು ಎಂಬುದಕ್ಕೇ ಹೆಚ್ಚು ಜಾಗ ಕೊಟ್ಟಿದ್ದೇನೆ.

ಹಂತಗಳ ಕ್ರಮವನ್ನು ನಿರ್ಧರಿಸುವ ಮೂರು ಸಂಗತಿಗಳು

ಸ್ನಾಯುಗಳನ್ನೂ ಅವುಗಳೊಳಗಿನ ಎಳೆಗಳ ಕಟ್ಟುಗಳನ್ನೂ ಸುತ್ತುವರಿದು ಒಂದಕ್ಕೊಂದು ಹೊಂದಿಸುವ ಸಂಯೋಜಕ ಅಂಗಾಂಶಕ್ಕೆ ಫ್ಯಾಸಿಯಾ ಎಂದು ಹೆಸರು. ಕಿತ್ತಳೆಯ ಪ್ರತಿಯೊಂದು ತೊಳೆಯನ್ನೂ ಸುತ್ತಿಕೊಂಡು, ಇಡೀ ಹಣ್ಣನ್ನು ಒಂದಾಗಿ ಹಿಡಿದಿರುವ ಪೊರೆಯನ್ನು ನೆನೆದುಕೊಂಡರೆ ಅದರ ರೂಪ ಹೊಳೆಯುತ್ತದೆ. ಈ ಹೊದಿಕೆಗಳು ಸ್ನಾಯುವಿನ ತುದಿಯಲ್ಲಿ ಒಂದುಗೂಡಿ ಸ್ನಾಯುರಜ್ಜುವಾಗಿ ಮೂಳೆಗೆ ಅಂಟಿಕೊಳ್ಳುತ್ತವೆ. ನಮ್ಮ ಕಡೆ ಹಿಮ್ಮಡಿಯ ಮೇಲಿನ ಸ್ನಾಯುರಜ್ಜುವನ್ನು ‘ನರ’ ಎನ್ನುವುದುಂಟು. ನಿಜವಾದ ನರ ಬೇರೆ, ಇದು ಬೇರೆ. ಜಿಗಿತದ ಮಟ್ಟಿಗೆ ಮುಖ್ಯವಾದವು ಪಾದದಡಿಯ ಫ್ಯಾಸಿಯಾ, ಹಿಮ್ಮಡಿಯ ಸ್ನಾಯುರಜ್ಜು, ಮಂಡಿಚಿಪ್ಪಿನ ಸ್ನಾಯುರಜ್ಜು ಮತ್ತು ಸೊಂಟದ ಹಿಂಭಾಗದಲ್ಲಿ ಹರಡಿಕೊಂಡಿರುವ ಅಗಲವಾದ ಹಾಳೆ.

ಮೊದಲನೆಯ ಸಂಗತಿಯೆಂದರೆ, ಈ ಅಂಗಾಂಶ ವೇಗವಾಗಿ ಹಿಗ್ಗಿದಾಗ ಶಕ್ತಿಯನ್ನು ಹಿಡಿದಿಟ್ಟುಕೊಂಡು, ಕೂಡಲೇ ಕುಗ್ಗಲು ಬಿಟ್ಟರೆ ಅದರಲ್ಲಿ ಬಹುಪಾಲನ್ನು ಹಿಂದಿರುಗಿಸುತ್ತದೆ. ಬಗ್ಗಿದ ಮೇಲೆ ಅರೆಗಳಿಗೆ ತಡೆದರೂ ಆ ಶಕ್ತಿ ವ್ಯರ್ಥವಾಗುತ್ತದೆ. ಎರಡನೆಯದು, ಸ್ನಾಯು ಕೆಲವೇ ವಾರಗಳಲ್ಲಿ ಬಲಗೊಳ್ಳುತ್ತದೆ, ಆದರೆ ಸ್ನಾಯುರಜ್ಜುವಿನ ಗಟ್ಟಿತನದಲ್ಲಿ ನೆಚ್ಚಬಹುದಾದ ಬದಲಾವಣೆ ಬರಲು ಸಾಮಾನ್ಯವಾಗಿ 12 ವಾರಗಳಾದರೂ ಬೇಕು. ಹೀಗಾಗಿ ಮೂರನೆಯ ವಾರದ ಆಟಗಾರನಲ್ಲಿ ಬಲಗೊಂಡ ಸ್ನಾಯು ಇನ್ನೂ ಸಿದ್ಧವಾಗದ ಸ್ನಾಯುರಜ್ಜುವನ್ನು ಜಗ್ಗುತ್ತಿರುತ್ತದೆ. ಬೆಂಚಿನ ಹುಡುಗರಿಗೆ ನೋವು ಸರಿಯಾಗಿ ಆಗಲೇ ಬರುವುದು ಇದರಿಂದ. ಮೂರನೆಯದು, ಕಠಿಣ ಶ್ರಮದ ನಂತರದ ಮೊದಲ 24ರಿಂದ 36 ಗಂಟೆಗಳಲ್ಲಿ ಸ್ನಾಯುರಜ್ಜುವಿನ ಎಳೆಗಳಾಗಿರುವ ಕೊಲಾಜೆನ್ ಎಂಬ ಪ್ರೋಟೀನು ಕಟ್ಟಿಕೊಳ್ಳುವುದಕ್ಕಿಂತ ಹೆಚ್ಚಾಗಿ ಕರಗುತ್ತದೆ, ಲಾಭದ ಕಡೆ ತಿರುಗುವುದು ಅನಂತರವೇ. ದಿನವೂ ಜಿಗಿಯುವವನು ಪ್ರತಿದಿನ ನಷ್ಟದ ಹೊತ್ತಿನಲ್ಲೇ ಹೊಸ ಪೆಟ್ಟು ಕೊಡುತ್ತಿರುತ್ತಾನೆ.

ಫ್ಯಾಸಿಯಾ ತರಬೇತಿಯೆಂಬ ಹೆಸರಿನಲ್ಲಿ ಬರುವ ಎಲ್ಲವನ್ನೂ ನಂಬಬೇಕಾಗಿಲ್ಲ ಎಂಬುದನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ದೇಹವನ್ನು ಮೇಲಕ್ಕೆತ್ತುವ ಯಂತ್ರ ಇಂದಿಗೂ ಸ್ನಾಯುವೇ. ಫ್ಯಾಸಿಯಾ ಮತ್ತು ಸ್ನಾಯುರಜ್ಜುಗಳು ಆ ಬಲವನ್ನು ಸೋರಿಹೋಗದಂತೆ ನೆಲಕ್ಕೆ ಮುಟ್ಟಿಸುತ್ತವೆ, ನೆಲದಿಂದ ಬಂದುದನ್ನು ಮರಳಿಸುತ್ತವೆ. ಬಲವಿಲ್ಲದ ಕಾಲಿಗೆ ಪುಟಿತವೊಂದನ್ನೇ, ಅಂದರೆ ನೆಲ ಮುಟ್ಟಿದ ಕೂಡಲೇ ಮೇಲಕ್ಕೆ ಚಿಮ್ಮುವುದನ್ನಷ್ಟೇ ಕಲಿಸಿದರೆ ಫಲವಿಲ್ಲ.

ಆರಂಭಕ್ಕೆ ಮುನ್ನ: ಕಾಲ, ನೆಲ, ಸಲಕರಣೆ

ಇಡೀ ಕ್ರಮಕ್ಕೆ ಸುಮಾರು 24 ವಾರ ಬೇಕು. ಮಲೆನಾಡಿನಲ್ಲಿ ಇದಕ್ಕೆ ಹೇಳಿ ಮಾಡಿಸಿದ ಕಾಲ ಮಳೆಗಾಲ. ಜೂನ್ ಮೊದಲ ವಾರ ಮಳೆ ಹಿಡಿದು ಮಣ್ಣಿನ ಕೋರ್ಟು ಕೆಸರಾದಾಗ ಹೆಚ್ಚಿನವರು ಚೆಂಡನ್ನು ಅಟ್ಟಕ್ಕೆ ಹಾಕಿ, ಗದ್ದೆ ಕೊಯ್ಲಾದ ಮೇಲೆ ಇಳಿಸುತ್ತಾರೆ. ಆ ಆರು ತಿಂಗಳೇ ನಿಮ್ಮ ಬಂಡವಾಳ. ಜೂನ್‌ನಲ್ಲಿ ಮೊದಲಿಟ್ಟರೆ ನವೆಂಬರ್ ಮಧ್ಯದ ಹೊತ್ತಿಗೆ ಕೊನೆಯ ಹಂತ ಮುಗಿಯುತ್ತದೆ. ಡಿಸೆಂಬರ್‌ನಿಂದ ಆರಂಭವಾಗುವ ಪಂದ್ಯಗಳಿಗೆ ಕಾಲು ಸಿದ್ಧವಾಗಿರುತ್ತದೆ. ಡಿಸೆಂಬರ್‌ನಲ್ಲಿ ಇದನ್ನು ಓದುತ್ತಿರುವವರು ಮೊದಲ ಮೂರು ಹಂತಗಳನ್ನಷ್ಟೇ ಮಾಡಿಕೊಂಡು ಈ ವರ್ಷದ ಪಂದ್ಯಗಳನ್ನು ಆಡಲಿ. ಉಳಿದುದನ್ನು ಮುಂದಿನ ಜೂನ್‌ಗೆ ಇಟ್ಟುಕೊಳ್ಳಲಿ.

ನೆಲದ ವಿಷಯದಲ್ಲಿ ನಮ್ಮಲ್ಲಿ ಎರಡು ಅಪಾಯಗಳಿವೆ. ಮಳೆಗಾಲದಲ್ಲಿ ಅಡಿಕೆ ಅಂಗಳದ ಸಿಮೆಂಟಿನ ಮೇಲೂ ಜಂಬಿಟ್ಟಿಗೆಯ ಮೆಟ್ಟಿಲಿನ ಮೇಲೂ ಪಾಚಿ ಕಟ್ಟುತ್ತದೆ. ಕಣ್ಣಿಗೆ ಕಾಣದಷ್ಟು ತೆಳುವಾದ ಪಾಚಿಯೂ ಒಂಟಿಕಾಲಿನ ಇಳಿತದಲ್ಲಿ ಮಂಡಿಯನ್ನು ಮುರಿಯಬಲ್ಲದು. ಆದ್ದರಿಂದ ಮಾಡಿನ ಕೆಳಗಿನ ಒಣ ಜಾಗವೇ ಆಗಬೇಕು: ಮನೆಯ ಪಡಸಾಲೆ, ಅಡಿಕೆ ಸುಲಿಯುವ ಮನೆ, ಶಾಲೆಯ ಜಗುಲಿ, ಸಮುದಾಯ ಭವನ. ಎರಡನೆಯದು, ಬರಿಗಾಲಿನಲ್ಲಿ ಸಿಮೆಂಟಿನ ಮೇಲೆ ಜಿಗಿಯುವ ಅಭ್ಯಾಸ. ಬಲ ಮತ್ತು ಸಮತೋಲನದ ವ್ಯಾಯಾಮಗಳಿಗೆ ಬರಿಗಾಲು ಒಳ್ಳೆಯದು. ಪುಟಿಯುವ ವ್ಯಾಯಾಮಗಳಿಗೆ ತಳ ಸವೆಯದ ಬೂಟು ಬೇಕು. ಹೊಳೆದಂಡೆಯ ಮರಳಿನಲ್ಲಿ ಜಿಗಿದರೆ ಒಳ್ಳೆಯದೆಂಬ ಮಾತೊಂದಿದೆ. ಮರಳು ಸ್ನಾಯುವಿಗೆ ಶ್ರಮ ಕೊಡುವುದು ನಿಜ, ಆದರೆ ಪಾದ ಹೂತುಕೊಳ್ಳುವುದರಿಂದ ಮರಳಿ ಬರಬೇಕಾದ ಪುಟಿತವನ್ನು ಅದೇ ನುಂಗುತ್ತದೆ. ನಮ್ಮ ಉದ್ದೇಶಕ್ಕೆ ಅದು ಒದಗುವುದಿಲ್ಲ.

ಸಲಕರಣೆಗಳಿಗೆ ದೊಡ್ಡ ಖರ್ಚಿಲ್ಲ. ಅಲುಗಾಡದ ಒಂದು ಮೆಟ್ಟಿಲು, 20, 30 ಮತ್ತು 40 ಸೆಂ.ಮೀ. ಎತ್ತರದ ಗಟ್ಟಿ ಪೆಟ್ಟಿಗೆಗಳು ಅಥವಾ ಕಲ್ಲಿನ ಅಟ್ಟಣೆ, ಸ್ಕಿಪ್ಪಿಂಗ್ ಹಗ್ಗ, ಮರಳು ತುಂಬಿ ತೂಕ ಹೆಚ್ಚು ಕಡಿಮೆ ಮಾಡಬಹುದಾದ ಹೆಗಲು ಚೀಲ, ಕಂಬಕ್ಕೆ ಕಟ್ಟಲು ಹಿಗ್ಗದ ದಪ್ಪ ಹಗ್ಗ, ಅದಕ್ಕೆ ಸುತ್ತಲು ಟವೆಲ್, ನಿಧಾನಗತಿಯ ವಿಡಿಯೊ ತೆಗೆಯಬಲ್ಲ ಮೊಬೈಲ್ ಮತ್ತು ಒಂದು ನೋಟ್‌ಬುಕ್. ನೋಟ್‌ಬುಕ್ ಇಲ್ಲದೆ ಆರಂಭಿಸಬೇಡಿ. ಯಾವ ದಿನ ಎಷ್ಟು ಸಲ ನೆಲ ಮುಟ್ಟಿದಿರಿ ಎಂಬುದು ಬರವಣಿಗೆಯಲ್ಲಿ ಇಲ್ಲದಿದ್ದರೆ ನೋವು ಬಂದಾಗ ಕಾರಣ ಹುಡುಕಲು ದಾರಿಯೇ ಇರುವುದಿಲ್ಲ.

ಈಗಾಗಲೇ ಮಂಡಿ ಊದಿಕೊಂಡಿರುವವರು, ಆರು ತಿಂಗಳೊಳಗೆ ಕಣಕಾಲು ಉಳುಕಿಸಿಕೊಂಡವರು, ಮಂಡಿಯ ಶಸ್ತ್ರಚಿಕಿತ್ಸೆ ಆದವರು ಫಿಸಿಯೋಥೆರಪಿಸ್ಟರಿಗೆ ಅಥವಾ ಮೂಳೆ ವೈದ್ಯರಿಗೆ ತೋರಿಸಿ, ಅವರ ಒಪ್ಪಿಗೆಯ ಮೇಲೆಯೇ ಮುಂದುವರಿಯಬೇಕು.

ಹಂತ 1: ಅಳತೆ (ಮೊದಲ ವಾರ)

ಮೂರು ಅಳತೆಗಳು ಸಾಕು. ಮೊದಲು, ಬೆರಳ ತುದಿಯನ್ನು ಕೆಮ್ಮಣ್ಣಿನಲ್ಲಿ ಅದ್ದಿ, ಗೋಡೆಯ ಪಕ್ಕ ನಿಂತು ಕೈ ಚಾಚಿ ಒಂದು ಗುರುತು ಹಾಕಿ. ನಿಂತಲ್ಲಿಂದಲೇ ಬಗ್ಗಿ ಜಿಗಿದು ಇನ್ನೊಂದು ಗುರುತು ಹಾಕಿ. ಎರಡರ ನಡುವಿನ ಅಂತರ ನಿಮ್ಮ ನಿಂತ ಜಿಗಿತ. ಬಳಿಕ ಆಟದಲ್ಲಿ ಮಾಡುವಂತೆಯೇ ಮೂರು ಹೆಜ್ಜೆ ಓಡಿ ಬಂದು ಜಿಗಿದು ಮೂರನೆಯ ಗುರುತು ಹಾಕಿ; ಇದಕ್ಕೆ ಗೋಡೆಯ ಬದಲು ಮೇಲಿನಿಂದ ಇಳಿಬಿಟ್ಟ, ಗಂಟು ಹಾಕಿದ ಹಗ್ಗವನ್ನು ಬಳಸುವುದು ಸುರಕ್ಷಿತ. ಓಟದ ಜಿಗಿತ ನಿಂತ ಜಿಗಿತಕ್ಕಿಂತ ಸ್ಪಷ್ಟವಾಗಿ ಹೆಚ್ಚಿರಬೇಕು. ಎರಡೂ ಹೆಚ್ಚುಕಡಿಮೆ ಒಂದೇ ಆಗಿದ್ದರೆ ನಿಮ್ಮಲ್ಲಿ ಬಲವಿದ್ದರೂ ಪುಟಿತ ಕೈಕೊಡುತ್ತಿದೆ ಎಂದರ್ಥ. ಈ ಮಾರ್ಗದರ್ಶಿಯಿಂದ ಅತಿ ಹೆಚ್ಚು ಲಾಭ ಪಡೆಯುವವರು ಅಂಥವರೇ.

ಮೂರನೆಯ ಅಳತೆಗೆ ಮೊಬೈಲ್ ಬೇಕು. 20 ಸೆಂ.ಮೀ. ಪೆಟ್ಟಿಗೆಯಿಂದ ಕೆಳಗೆ ಹೆಜ್ಜೆಯಿಟ್ಟು, ಎರಡೂ ಪಾದ ನೆಲ ಮುಟ್ಟಿದ ಕೂಡಲೇ ಮೇಲಕ್ಕೆ ಪುಟಿಯಿರಿ. ಗೆಳೆಯನೊಬ್ಬ ನೆಲಮಟ್ಟದಲ್ಲಿ ಮೊಬೈಲ್ ಹಿಡಿದು ಸೆಕೆಂಡಿಗೆ 240 ಚಿತ್ರಗಳ ವೇಗದಲ್ಲಿ ಅದನ್ನು ಸೆರೆಹಿಡಿಯಲಿ. ಪಾದ ನೆಲದ ಮೇಲಿದ್ದ ಚಿತ್ರಗಳನ್ನು ಎಣಿಸಿ. 60 ಚಿತ್ರಗಳೆಂದರೆ ಕಾಲು ಸೆಕೆಂಡು. ಅದಕ್ಕಿಂತ ಕಡಿಮೆ ಇದ್ದರೆ ಪುಟಿತ ಚುರುಕಾಗಿದೆ. ಪಾದ ಗಾಳಿಯಲ್ಲಿದ್ದ ಹೊತ್ತನ್ನೂ ಸೆಕೆಂಡಿಗೆ ಪರಿವರ್ತಿಸಿ, ಆ ಸಂಖ್ಯೆಯನ್ನು ಅದರಿಂದಲೇ ಗುಣಿಸಿ, ಬಂದುದನ್ನು 122.6ರಿಂದ ಗುಣಿಸಿದರೆ ಜಿಗಿತದ ಎತ್ತರ ಸೆಂಟಿಮೀಟರಿನಲ್ಲಿ ಸಿಗುತ್ತದೆ: 0.5 ಸೆಕೆಂಡಿಗೆ ಸುಮಾರು 31 ಸೆಂ.ಮೀ., 0.6 ಸೆಕೆಂಡಿಗೆ ಸುಮಾರು 44 ಸೆಂ.ಮೀ. ಗಾಳಿಯಲ್ಲಿರುವಾಗ ಮಂಡಿ ಮಡಚಿದರೆ ಲೆಕ್ಕ ಸುಳ್ಳಾಗುತ್ತದೆ. ಕಾಲು ನೀಡಿಕೊಂಡೇ ಇಳಿಯಬೇಕು.

ಹಂತ 2: ಪಾದ ಮತ್ತು ಇಳಿತ (1ರಿಂದ 4ನೆಯ ವಾರ)

ಮೇಲೇರುವುದನ್ನು ಕಲಿಯುವ ಮುನ್ನ ಇಳಿಯುವುದನ್ನು ಕಲಿಯಬೇಕು, ಏಕೆಂದರೆ ಇಳಿಯುವಾಗ ಕಾಲಿನ ಮೇಲೆ ಬೀಳುವ ಬಲ ದೇಹದ ತೂಕದ ಹಲವು ಪಟ್ಟು. ವಾರಕ್ಕೆ ಮೂರು ದಿನ 20 ಸೆಂ.ಮೀ. ಪೆಟ್ಟಿಗೆಯಿಂದ ಕೆಳಗೆ ಹೆಜ್ಜೆಯಿಟ್ಟು ಎರಡೂ ಪಾದಗಳ ಮೇಲೆ ಇಳಿದು, ಮೂರು ಎಣಿಸುವವರೆಗೆ ಅಲ್ಲಾಡದೆ ನಿಲ್ಲಿ. 5 ಸಲದ 4 ಸುತ್ತು ಸಾಕು. ಪರೀಕ್ಷೆ ಕಿವಿಯದ್ದು: ಪಕ್ಕದ ಕೋಣೆಯಲ್ಲಿ ಕುಳಿತವರಿಗೆ ‘ಧಪ್’ ಎಂಬ ಸದ್ದು ಕೇಳಿಸಬಾರದು. ಎರಡನೆಯ ಪರೀಕ್ಷೆ ಕಣ್ಣಿನದ್ದು: ಮುಂದಿನಿಂದ ತೆಗೆದ ವಿಡಿಯೊದಲ್ಲಿ ಮಂಡಿಗಳು ಒಂದರತ್ತ ಒಂದು ವಾಲಬಾರದು, ಪಾದದ ಎರಡನೆಯ ಬೆರಳಿನ ನೇರದಲ್ಲೇ ಇರಬೇಕು. ಹುಡುಗಿಯರು ಈ ಎರಡನೆಯ ಪರೀಕ್ಷೆಗೆ ಹೆಚ್ಚು ಗಮನ ಕೊಡಬೇಕು. ಇಳಿಯುವಾಗ ಮಂಡಿ ಒಳಕ್ಕೆ ಕುಸಿದು ಅದರೊಳಗೆ ಮೂಳೆಗಳನ್ನು ಕಟ್ಟಿ ಹಿಡಿದ ಅಸ್ಥಿರಜ್ಜು ಹರಿಯುವ ಅಪಾಯ ಅವರಲ್ಲಿ ಹೆಚ್ಚು.

ಜೊತೆಗೆ ಬರಿಗಾಲಿನಲ್ಲಿ ಮೆಟ್ಟಿಲಿನ ಅಂಚಿನ ಮೇಲೆ ಒಂಟಿಕಾಲಿನಲ್ಲಿ ನಿಂತು ಹಿಮ್ಮಡಿ ಎತ್ತಿಳಿಸುವ ವ್ಯಾಯಾಮ. ಎರಡು ಸೆಕೆಂಡಿನಲ್ಲಿ ಮೇಲೆ, ಮೂರು ಸೆಕೆಂಡಿನಲ್ಲಿ ಕೆಳಗೆ. ಒಂದೊಂದು ಕಾಲಿನಲ್ಲೂ ನಿಲ್ಲಿಸದೆ 20 ಸಲ ಪೂರ್ತಿ ಎತ್ತರಕ್ಕೆ ಏರಲಾಗುವವರೆಗೆ, ಮತ್ತು 30 ಸೆಂ.ಮೀ. ಎತ್ತರದಿಂದ ಒಂಟಿಕಾಲಿನಲ್ಲಿ ಸದ್ದಿಲ್ಲದೆ ಇಳಿಯಲಾಗುವವರೆಗೆ ಈ ಹಂತ ಮುಗಿಯುವುದಿಲ್ಲ. ಅದಕ್ಕೆ ಎಂಟು ವಾರ ಹಿಡಿದರೂ ಸರಿಯೇ.

ಹಂತ 3: ನಿಧಾನವಾದ ಭಾರ (3ರಿಂದ 14ನೆಯ ವಾರ)

ಎಲ್ಲರೂ ಹಾರಿಸಿಬಿಡುವುದು ಈ ಹಂತವನ್ನೇ. ನೋಡುವವರಿಗೆ ಇದರಲ್ಲಿ ಸೊಗಸಿಲ್ಲ, ಜಿಗಿತವಿಲ್ಲ, ವಿಡಿಯೊ ಮಾಡಿ ಹಂಚುವಂಥದ್ದೇನೂ ಇಲ್ಲ. ಆದರೆ ಸ್ನಾಯುರಜ್ಜು ಗಟ್ಟಿಯಾಗುವುದು ಇಲ್ಲಿಯೇ. ಕೈಯಲ್ಲಾಗುವ ಗರಿಷ್ಠ ಭಾರದ 70 ಶೇಕಡಕ್ಕಿಂತ ಹೆಚ್ಚಿನ ಭಾರವನ್ನು ಕೆಲವು ಸೆಕೆಂಡುಗಳ ಕಾಲ ಹಿಡಿದಾಗಲೇ ಅದು ಬದಲಾಗಲು ಒಪ್ಪುತ್ತದೆ. ಹಗುರವಾದ ಭಾರವನ್ನು ನೂರು ಸಲ ಎತ್ತಿದರೂ ಸ್ನಾಯು ದಣಿಯುತ್ತದೆಯೇ ಹೊರತು ಸ್ನಾಯುರಜ್ಜುವಿಗೆ ಸುದ್ದಿ ಮುಟ್ಟುವುದಿಲ್ಲ.

ವಾರಕ್ಕೆ ಎರಡು ದಿನ, ನಡುವೆ ಕನಿಷ್ಠ ಎರಡು ದಿನ ಬಿಡುವಿಟ್ಟು ನಾಲ್ಕು ವ್ಯಾಯಾಮಗಳನ್ನು ಮಾಡಿ. ಮೊದಲನೆಯದು ಹಗ್ಗದ ಬೈಠಕ್. ಕಂಬಕ್ಕೆ ಕಟ್ಟಿದ ಹಗ್ಗಕ್ಕೆ ಟವೆಲ್ ಸುತ್ತಿ ಮಂಡಿಗಳ ಹಿಂಭಾಗಕ್ಕೆ ಬರುವಂತೆ ಹಾಕಿಕೊಂಡು, ಕಂಬಕ್ಕೆ ಮುಖ ಮಾಡಿ ಹಿಂದಕ್ಕೆ ಒರಗಿ, ಮೊಳಕಾಲಿನ ಕೆಳಭಾಗ ನೆಟ್ಟಗಿರುವಂತೆ ಅರ್ಧ ಕುಳಿತು 45 ಸೆಕೆಂಡು ತಡೆಯಬೇಕು. ಎರಡು ನಿಮಿಷ ಬಿಡುವು ಕೊಡುತ್ತ ಐದು ಸಲ. ಕೊನೆಯ ಹತ್ತು ಸೆಕೆಂಡು ತೊಡೆ ನಡುಗುವಷ್ಟು ಭಾರ ಬೆನ್ನಿನ ಚೀಲದಲ್ಲಿರಬೇಕು. ಅಡಿಕೆ ಮರಕ್ಕೆ ಹಗ್ಗ ಕಟ್ಟಬೇಡಿ. ಮಳೆಯಲ್ಲಿ ಹಗ್ಗ ಜಾರುತ್ತದೆ, ಬಿದ್ದರೆ ತಲೆಯ ಹಿಂಭಾಗಕ್ಕೆ ಪೆಟ್ಟು.

ಎರಡನೆಯದು, ಹೆಗಲಿಗೆ ಮರಳಿನ ಚೀಲ ಹಾಕಿಕೊಂಡು ಒಂಟಿಕಾಲಿನಲ್ಲಿ ಹಿಮ್ಮಡಿ ಎತ್ತಿ ಮೇಲೆ ಮೂರು ಸೆಕೆಂಡು ತಡೆದು ಇಳಿಸುವುದು: 5 ಸಲದ 4 ಸುತ್ತು. ಇಲ್ಲಿ ಸಂಖ್ಯೆಯನ್ನಲ್ಲ, ಭಾರವನ್ನು ಏರಿಸುತ್ತ ಹೋಗಬೇಕು. ಐದಕ್ಕಿಂತ ಹೆಚ್ಚು ಸಲ ಸಲೀಸಾಗಿ ಆದರೆ ಮರಳು ಸೇರಿಸಿ. ಮೂರನೆಯದು, ಒಂದು ಕಾಲು ಮುಂದೆ ಒಂದು ಕಾಲು ಹಿಂದೆ ಇಟ್ಟು ಕುಳಿತೇಳುವುದು. ಮೂರು ಸೆಕೆಂಡು ಇಳಿಯಲು, ಮೂರು ಸೆಕೆಂಡು ಏಳಲು. ಮೊದಲ ವಾರ 15 ಸಲ ಮಾಡಬಹುದಾದ ಭಾರದಿಂದ ಹಿಡಿದು, ಎರಡು ಮೂರು ವಾರಕ್ಕೊಮ್ಮೆ ಭಾರ ಏರಿಸಿ ಸಂಖ್ಯೆಯನ್ನು 12, 10, 8, ಕೊನೆಗೆ 6ಕ್ಕೆ ಇಳಿಸಬೇಕು. ನಾಲ್ಕನೆಯದು, ಒಂಟಿಕಾಲಿನಲ್ಲಿ ನಿಂತು, ಸೊಂಟದಿಂದ ಮುಂದಕ್ಕೆ ಬಾಗಿ, ಎದುರು ಬದಿಯ ಕೈಯಿಂದ ಚೀಲ ಎತ್ತುವುದು. ಒಂದು ಬದಿಯ ಪೃಷ್ಠದ ಸ್ನಾಯುವೂ ಎದುರು ಬದಿಯ ಬೆನ್ನಿನ ದೊಡ್ಡ ಸ್ನಾಯುವೂ ಸೊಂಟದ ಹಿಂದಿನ ಫ್ಯಾಸಿಯಾ ಹಾಳೆಯ ಮೂಲಕ ಅಡ್ಡಲಾಗಿ ಹೆಣೆದುಕೊಂಡಿವೆ. ಸ್ಪೈಕ್‌ಗೆ, ಅಂದರೆ ಜಿಗಿದು ಚೆಂಡನ್ನು ನೆಟ್ ಆಚೆ ಕೆಳಕ್ಕೆ ಬಲವಾಗಿ ಹೊಡೆಯಲು, ತೋಳು ಹಿಂದಕ್ಕೆಳೆದಾಗ ಕೆಲಸ ಮಾಡುವುದು ಇದೇ ಅಡ್ಡಪಟ್ಟಿ. ಈ ವ್ಯಾಯಾಮ ಅದಕ್ಕಾಗಿ.

ಸಾಮಾನ್ಯ ತಪ್ಪು ಒಂದೇ: ಬೇಗ ಬೇಗ ಮಾಡಿ ಮುಗಿಸುವುದು. ಕೈಗಡಿಯಾರ ನೋಡಿಕೊಂಡೇ ಮಾಡಿ.

ಹಂತ 4: ಸಣ್ಣ ಪುಟಿತ (9ರಿಂದ 15ನೆಯ ವಾರ)

ಈಗ ಸ್ಕಿಪ್ಪಿಂಗ್ ಹಗ್ಗ ಹಿಡಿಯಬಹುದು. ಮೂರನೆಯ ಹಂತವನ್ನು ನಿಲ್ಲಿಸದೆ, ಅದೇ ಎರಡು ದಿನಗಳಲ್ಲಿ ಭಾರಕ್ಕೆ ಮುನ್ನ, ಕಾಲು ತಾಜಾ ಇರುವಾಗ ಪುಟಿತವನ್ನು ಮಾಡಬೇಕು. ಒಂದು ನಿಮಿಷ ಸ್ಕಿಪ್ಪಿಂಗ್, ಒಂದು ನಿಮಿಷ ಬಿಡುವು. ಒಟ್ಟು ಆರು ನಿಮಿಷದ ಸ್ಕಿಪ್ಪಿಂಗ್ ಸಾಕು. ಸ್ನಾಯುರಜ್ಜುವಿನ ಜೀವಕೋಶಗಳು ಸುಮಾರು ಹತ್ತು ನಿಮಿಷದ ಹೊರೆಗೆ ಸ್ಪಂದಿಸಿದ ಮೇಲೆ ಕೆಲವು ಗಂಟೆಗಳ ಕಾಲ ಮಂಕಾಗುತ್ತವೆ. ಅರ್ಧ ಗಂಟೆ ಹಗ್ಗ ತಿರುಗಿಸಿದರೆ ಬೆವರು ಹೆಚ್ಚುತ್ತದೆ, ಪುಟಿತ ಹೆಚ್ಚುವುದಿಲ್ಲ.

ಅದರ ನಂತರ ಕಣಕಾಲಿನ ಪುಟಿತ. ಮಂಡಿಯನ್ನು ಹೆಚ್ಚುಕಡಿಮೆ ನೆಟ್ಟಗೆ ಹಿಡಿದು, ಪಾದದ ಮುಂಭಾಗದ ಮೇಲೆ, ಬಿಸಿ ಕಾವಲಿಯನ್ನು ಮುಟ್ಟಿದವರಂತೆ ನೆಲವನ್ನು ಕೂಡಲೇ ಬಿಟ್ಟು 10 ಸಲ ಪುಟಿಯಬೇಕು. ಮೊದಲ ವಾರ ಒಟ್ಟು 60 ಸ್ಪರ್ಶ, ಪ್ರತಿ ವಾರ 10 ಸೇರಿಸಿ 120ಕ್ಕೆ ನಿಲ್ಲಿಸಿ. ಹನ್ನೆರಡನೆಯ ವಾರದಿಂದ ಪಕ್ಕಕ್ಕೆ, ಮುಂದಕ್ಕೆ, ಓರೆಯಾಗಿ ಪುಟಿಯುವುದನ್ನು ಸೇರಿಸಿ. ಎದುರಾಳಿಯ ಹೊಡೆತವನ್ನು ನೆಟ್ ಬಳಿಯೇ ತಡೆಯುವ ಬ್ಲಾಕ್‌ಗೆ ಓಡುವಾಗ ಕಾಲು ನೇರ ಮೇಲಕ್ಕಷ್ಟೇ ಕೆಲಸ ಮಾಡುವುದಿಲ್ಲ. ಒಂಟಿಕಾಲಿನ ಪುಟಿತ ಕೊನೆಯ ಎರಡು ವಾರಕ್ಕೆ ಮಾತ್ರ.

ಹಿಮ್ಮಡಿ ನೆಲಕ್ಕೆ ಬಡಿದ ಸದ್ದು ಕೇಳಿದ ಕೂಡಲೇ ಆ ಸುತ್ತನ್ನು ನಿಲ್ಲಿಸಿ. ಹಟಕ್ಕೆ ಬಿದ್ದು ಪೂರ್ತಿ ಮಾಡಿದ ಕೊನೆಯ ಐದು ಪುಟಿತಗಳೇ ನಿಧಾನವಾದ, ಮೆತ್ತಗಿನ ಪುಟಿತವನ್ನು ದೇಹಕ್ಕೆ ಕಲಿಸುತ್ತವೆ.

ಹಂತ 5: ಉದ್ದವಾದ ಎಳೆತ (ಹತ್ತನೆಯ ವಾರದಿಂದ, ಹತ್ತೇ ನಿಮಿಷ)

ತೋಳುಗಳನ್ನು ಮೇಲಕ್ಕೆ ಚಾಚಿ ಎದೆಯನ್ನು ಬಿಲ್ಲಿನಂತೆ ಹಿಂದಕ್ಕೆ ಬಾಗಿಸಿ, ಸಣ್ಣಗೆ ತೂಗಿ, ಮುಂದಕ್ಕೆ ಬೀಸುವುದು. ಬಾಗಿಲಿನ ಚೌಕಟ್ಟಿಗೆ ಕೈಕೊಟ್ಟು ಎದೆ ತೆರೆಯುವುದು. ಕಾಲನ್ನು ಹಿಂದಕ್ಕೂ ಮುಂದಕ್ಕೂ ಬೀಸುವುದು. ಇಷ್ಟನ್ನು ಅಭ್ಯಾಸದ ಆರಂಭದಲ್ಲಿ ಮಾಡಿಕೊಳ್ಳಿ. ಒಂದು ನಿಮಿಷಕ್ಕೂ ಹೆಚ್ಚು ಕಾಲ ಅಲುಗಾಡದೆ ಎಳೆದು ಹಿಡಿಯುವ ಭಂಗಿಗಳನ್ನು ಜಿಗಿತಕ್ಕೆ ಮುಂಚೆ ಮಾಡಬಾರದು. ಅವು ಆ ಹೊತ್ತಿಗೆ ಕಾಲಿನ ಸಿಡಿತವನ್ನು ಕುಗ್ಗಿಸುತ್ತವೆ. ಅವಕ್ಕೆ ಸಂಜೆಯ ಹೊತ್ತು ಸರಿ.

ರೋಲರ್ ಬಗ್ಗೆ ಕೇಳುವವರು ಬಹಳ. ಫೋಮ್ ರೋಲರ್ ಮೇಲೆ ಹೊರಳಿದರೆ ಕೀಲಿನ ಚಲನೆ ಸ್ವಲ್ಪ ಹೊತ್ತು ಸಲೀಸಾಗುತ್ತದೆ, ಮೈಕೈ ನೋವು ತುಸು ತಗ್ಗುತ್ತದೆ. ಅದು ಫ್ಯಾಸಿಯಾದ ಗಂಟನ್ನು ‘ಒಡೆಯುತ್ತದೆ’ ಎಂಬುದು ನಿಜವಲ್ಲ. ತೊಡೆಯ ಹೊರಬದಿಯ ಫ್ಯಾಸಿಯಾ ಪಟ್ಟಿಯ ಆಕಾರ ಬದಲಿಸಲು ಬೇಕಾಗುವ ಬಲ ಮನುಷ್ಯನ ಕೈಗೂ ರೋಲರಿಗೂ ನಿಲುಕುವಂಥದ್ದಲ್ಲ. ಇದ್ದರೆ ಬಳಸಿ, ಇಲ್ಲದಿದ್ದರೆ ಕೊಳ್ಳುವ ಹಣದಲ್ಲಿ ಒಳ್ಳೆಯ ಬೂಟು ತೆಗೆದುಕೊಳ್ಳಿ. ನೋವಿರುವ ಸ್ನಾಯುರಜ್ಜುವಿನ ಮೇಲೆ ಮಾತ್ರ ಅದನ್ನು ಒತ್ತಿ ಉಜ್ಜಬೇಡಿ.

ಹಂತ 6: ದೊಡ್ಡ ಪುಟಿತ (16ರಿಂದ 20ನೆಯ ವಾರ)

ಬೆಂಚಿನ ಹುಡುಗರು ಮೊದಲ ದಿನ ಮಾಡುವ ವ್ಯಾಯಾಮ ಬರಬೇಕಾದ ಜಾಗ ಇದು. 20 ಸೆಂ.ಮೀ. ಪೆಟ್ಟಿಗೆಯಿಂದ ಹೆಜ್ಜೆಯಿಟ್ಟು ಇಳಿದು ಕೂಡಲೇ ಪುಟಿಯುವುದು, 5 ಸಲದ 4 ಸುತ್ತು. ಪ್ರತಿ ಪುಟಿತದ ನಡುವೆ 15 ಸೆಕೆಂಡು, ಪ್ರತಿ ಸುತ್ತಿನ ನಡುವೆ ಎರಡು ನಿಮಿಷ. ಬಿಡುವಿನಲ್ಲಿ ಆಕಳಿಕೆ ಬರುವಷ್ಟು ಪುರುಸೊತ್ತಿರಬೇಕು. ಇದು ದಮ್ಮು ಕಟ್ಟಿಸುವ ವ್ಯಾಯಾಮವಲ್ಲ. ಪೆಟ್ಟಿಗೆಯಿಂದ ಹಾರಬಾರದು, ಹೆಜ್ಜೆಯಿಡಬೇಕು.

ಎತ್ತರ ಏರಿಸುವುದನ್ನು ಮೊಬೈಲ್ ತೀರ್ಮಾನಿಸಲಿ. ಪಾದ ನೆಲದ ಮೇಲಿದ್ದ ಚಿತ್ರಗಳು 60ಕ್ಕಿಂತ ಕಡಿಮೆಯೇ ಉಳಿದು, ಜಿಗಿತವೂ ತಗ್ಗದಿದ್ದರೆ 30 ಸೆಂ.ಮೀ.ಗೆ, ಮತ್ತೆ ಎರಡು ವಾರ ಬಿಟ್ಟು 40ಕ್ಕೆ ಹೋಗಬಹುದು. ಎತ್ತರ ಏರಿಸಿದಾಗ ಎಣಿಕೆ 60 ದಾಟಿದರೆ ಹಿಂದಿನ ಪೆಟ್ಟಿಗೆಗೇ ಮರಳಬೇಕು. ಹೆಚ್ಚಿನವರಿಗೆ 40 ಸೆಂ.ಮೀ. ದಾಟುವ ಅಗತ್ಯವೇ ಬೀಳುವುದಿಲ್ಲ. ದಿನವೊಂದಕ್ಕೆ ಇಂಥ ಪುಟಿತ 20ರಿಂದ 40, ವಾರಕ್ಕೆ ಎರಡೇ ದಿನ: ಸೋಮವಾರ ಮತ್ತು ಗುರುವಾರ ಎಂದಿಟ್ಟುಕೊಳ್ಳಿ. ಮಂಗಳವಾರ, ಶುಕ್ರವಾರ ಪಾಸು, ಸರ್ವ್, ಲಿಫ್ಟಿಂಗ್ (ಹೊಡೆಯುವವರಿಗೆ ಚೆಂಡು ಎತ್ತಿಕೊಡುವುದು) ಅಭ್ಯಾಸ ನಡೆಯಲಿ, ಜಿಗಿತ ಬೇಡ. ಭಾರದ ವ್ಯಾಯಾಮವನ್ನು ಈ ಹಂತದಲ್ಲಿ ಅರ್ಧಕ್ಕೆ ಇಳಿಸಿ, ಪೂರ್ತಿ ಬಿಡಬೇಡಿ.

ಹಂತ 7: ಓಟದ ಹೆಜ್ಜೆಗೆ ಜೋಡಿಸುವುದು (20ರಿಂದ 24ನೆಯ ವಾರ)

ಗಂಡಸರ ನೆಟ್ 2.43 ಮೀಟರ್, ಹೆಂಗಸರ ನೆಟ್ 2.24 ಮೀಟರ್. ಪೆಟ್ಟಿಗೆಯ ಮೇಲೆ ಗಳಿಸಿದ ಪುಟಿತ ಆ ಎತ್ತರದಲ್ಲಿ ಕೆಲಸಕ್ಕೆ ಬರಬೇಕಾದರೆ ಕೊನೆಯ ಎರಡು ಹೆಜ್ಜೆಗಳು ಸರಿಯಾಗಬೇಕು. ಬಲಗೈ ಆಟಗಾರ ಮೂರು ಹೆಜ್ಜೆಯ ಓಟದಲ್ಲಿ ಎಡ, ಬಲ, ಎಡ ಎಂದು ಬರುತ್ತಾನೆ. ಬಲಗಾಲಿನ ಹೆಜ್ಜೆ ಉದ್ದವಾಗಿ, ತಗ್ಗಾಗಿ, ಹಿಮ್ಮಡಿಯಿಂದ ನೆಲ ಮುಟ್ಟಬೇಕು. ಎಡಗಾಲು ಅದರ ಬೆನ್ನಿಗೇ, ಸ್ವಲ್ಪ ಮುಂದೆ, ಚುರುಕಾಗಿ ಬಂದು ಓಟವನ್ನು ತಡೆದು ಮೇಲಕ್ಕೆ ತಿರುಗಿಸಬೇಕು. ಈ ಎರಡು ಹೆಜ್ಜೆಗಳ ನಡುವೆ ‘ಟಕ್-ಟಕ್’ ಎಂಬ ಒತ್ತೊತ್ತಿನ ಸದ್ದು ಬರಬೇಕು, ‘ಟಕ್... ಟಕ್’ ಎಂದರೆ ಸಂಗ್ರಹವಾದ ಶಕ್ತಿ ನಡುವಿನ ಆ ಬಿಡುವಿನಲ್ಲೇ ಸೋರಿಹೋಗಿದೆ.

ಸ್ಪೈಕ್‌ನಲ್ಲಿ ಪಾದ ನೆಲದ ಮೇಲಿರುವ ಹೊತ್ತು ಕಣಕಾಲಿನ ಪುಟಿತಕ್ಕಿಂತ ದೀರ್ಘ, ಸಾಮಾನ್ಯವಾಗಿ ಕಾಲು ಸೆಕೆಂಡಿಗಿಂತ ಹೆಚ್ಚು. ಆದ್ದರಿಂದಲೇ ಇಲ್ಲಿ ಮಂಡಿ ಮತ್ತು ಸೊಂಟದ ಬಲಕ್ಕೂ ಪಾಲಿದೆ, ಮೂರನೆಯ ಹಂತದ ಭಾರಕ್ಕೂ ಬೆಲೆಯಿದೆ. ತೋಳುಗಳನ್ನು ಮರೆಯಬೇಡಿ: ಎರಡೂ ತೋಳುಗಳನ್ನು ಹಿಂದಿನಿಂದ ಬೀಸಿ ಎತ್ತಿದರೆ ಜಿಗಿತಕ್ಕೆ ಸುಮಾರು 10 ಶೇಕಡ ಸೇರುತ್ತದೆ. ಇದಕ್ಕೆ ಒಂದೇ ಒಂದು ಕಿಲೋ ಮರಳೂ ಬೇಡ. ಆರು ತಿಂಗಳ ಶ್ರಮದ ಅರ್ಧ ಲಾಭ ಕೆಲವರಿಗೆ ಇಲ್ಲಿಯೇ ಕಾದಿರುತ್ತದೆ.

ಮೊದಲು ಚೆಂಡಿಲ್ಲದೆ, ದಿನಕ್ಕೆ 20 ಓಟ. ಎರಡನೆಯ ವಾರ ಗೆಳೆಯ ಎತ್ತಿ ಹಿಡಿದ ಚೆಂಡನ್ನು ಹೊಡೆಯುವುದು. ಮೂರನೆಯ ವಾರ ಲಿಫ್ಟ್‌ಗೆ ಹೊಡೆಯುವುದು. ಕೊಯ್ಲಾದ ಗದ್ದೆಯಲ್ಲಿ ಕೋರ್ಟು ಮಾಡುವವರು ನೆಟ್‌ನಿಂದ ಮೂರು ಮೀಟರ್ ಗೆರೆಯವರೆಗಿನ ಜಾಗದ ಭತ್ತದ ಕೂಳೆಯನ್ನು ಬುಡಸಹಿತ ಕಿತ್ತು, ನೀರು ಚಿಮುಕಿಸಿ ಬಡಿದು ಮಟ್ಟ ಮಾಡಿರಬೇಕು. ಆಟಗಾರರು ಇಳಿಯುವುದೆಲ್ಲ ಬಹುತೇಕ ಆ ಜಾಗದಲ್ಲೇ. ಒಂದು ಕುಳಿ ಸಾಕು ಕಣಕಾಲು ಉಳುಕಲು.

ಎಚ್ಚರಿಕೆಯ ಲಕ್ಷಣಗಳು

ನೋವನ್ನು ಸೊನ್ನೆಯಿಂದ 10ರವರೆಗೆ ಅಂಕ ಕೊಟ್ಟು ಬರೆಯಿರಿ. ವ್ಯಾಯಾಮದ ವೇಳೆ 3ರೊಳಗೆ ಇದ್ದು, ಮರುದಿನ ಬೆಳಿಗ್ಗೆ ಮೊದಲಿನ ಸ್ಥಿತಿಗೆ ಮರಳಿದ್ದರೆ ಮುಂದುವರಿಯಬಹುದು. ಮರುದಿನ ಬೆಳಿಗ್ಗೆ ಹೆಚ್ಚಾಗಿದ್ದರೆ ಹಿಂದಿನ ದಿನ ಮಾಡಿದ್ದು ಮಿತಿಮೀರಿದೆ. ಒಂದು ವಾರ ಪುಟಿತ ನಿಲ್ಲಿಸಿ, ಹಗ್ಗದ ಬೈಠಕ್ ಮಾತ್ರ ಇಟ್ಟುಕೊಂಡು, ಒಂದು ಹಂತ ಹಿಂದಕ್ಕೆ ಹೋಗಿ. ವ್ಯಾಯಾಮದ ನಡುವೆ ಮೈ ಬಿಸಿಯಾದಾಗ ನೋವು ಮಾಯವಾಗುತ್ತದೆ ಎಂಬುದನ್ನು ಒಳ್ಳೆಯ ಸುದ್ದಿಯೆಂದು ತಿಳಿಯಬೇಡಿ. ಪೆಟ್ಟು ತಿಂದ ಸ್ನಾಯುರಜ್ಜುವಿನ ಗುಣವೇ ಹಾಗೆ.

ಮಂಡಿಚಿಪ್ಪಿನ ಕೆಳತುದಿಯಲ್ಲಿ ಒಂದೇ ಬಿಂದುವಿನ ನೋವು ಜಿಗಿಯುವವರ ಮಂಡಿಯೆಂಬ ತೊಂದರೆಯ ಲಕ್ಷಣ. ಉನ್ನತ ಮಟ್ಟದ ವಾಲಿಬಾಲ್ ಆಟಗಾರರಲ್ಲೂ ಇದು ಬಹಳ ಸಾಮಾನ್ಯ. ಪೂರ್ತಿ ವಿಶ್ರಾಂತಿ ಇದಕ್ಕೆ ಮದ್ದಲ್ಲ. ಎರಡು ತಿಂಗಳು ಮಲಗಿ ಎದ್ದವನಿಗೆ ಮೊದಲ ಪಂದ್ಯದಲ್ಲೇ ಅದು ಮರಳುತ್ತದೆ. ಮೂರನೆಯ ಹಂತದ ನಿಧಾನ ಭಾರವೇ ಅದರ ಚಿಕಿತ್ಸೆಯ ಬೆನ್ನೆಲುಬು. ಬೆಳಿಗ್ಗೆ ಎದ್ದು ಮೊದಲ ಹತ್ತು ಹೆಜ್ಜೆ ಹಿಮ್ಮಡಿ ಬಿಗಿದುಕೊಂಡಂತಿದ್ದರೆ ಹಿಮ್ಮಡಿಯ ಸ್ನಾಯುರಜ್ಜು ದೂರು ಹೇಳುತ್ತಿದೆ ಎಂದು ತಿಳಿದು ಸ್ಕಿಪ್ಪಿಂಗ್ ಕಡಿಮೆ ಮಾಡಿ.

ಬೆಳೆಯುವ ವಯಸ್ಸಿನ, ಅಂದರೆ ಸುಮಾರು 10ರಿಂದ 15 ವರ್ಷದ ಮಕ್ಕಳಿಗೆ ಮಂಡಿಯ ಕೆಳಗಿನ ಮೂಳೆಯ ಉಬ್ಬಿನಲ್ಲಿ ನೋವು ಬಂದರೆ ಅದು ಬೆಳವಣಿಗೆಯ ಜಾಗಕ್ಕೆ ಬಿದ್ದ ಎಳೆತ. ಅವರಿಗೆ ಆರನೆಯ ಹಂತ ಬೇಡವೇ ಬೇಡ. ಕುಂಟೆಬಿಲ್ಲೆ, ಹಗ್ಗ, ಓಟ, ಮರ ಹತ್ತುವುದು ಸಾಕು. ಹಿಮ್ಮಡಿಯ ಸ್ನಾಯುರಜ್ಜುವಿನ ಒಳತಿರುಳು ಸುಮಾರು 17 ವರ್ಷದೊಳಗೆ ರೂಪುಗೊಂಡ ಮೇಲೆ ಬಹುಮಟ್ಟಿಗೆ ಹಾಗೆಯೇ ಉಳಿಯುತ್ತದೆ. ಆದುದರಿಂದ ಆ ವಯಸ್ಸಿನಲ್ಲಿ ಆಡಬೇಕು, ಜಜ್ಜಬಾರದು. ಶಾಲಾ ತಂಡದ ತರಬೇತುದಾರರು ದಯವಿಟ್ಟು ಇದನ್ನು ಗಂಭೀರವಾಗಿ ತೆಗೆದುಕೊಳ್ಳಬೇಕು.

ಮೀನಖಂಡದ ಹಿಂದೆ ಯಾರೋ ಒದ್ದಂತಾಗಿ ‘ಟಪ್’ ಎಂದು ಕೇಳಿಸಿದರೆ, ಮಂಡಿ ಕೆಲವೇ ಗಂಟೆಗಳಲ್ಲಿ ಊದಿಕೊಂಡರೆ, ಮಂಡಿ ಸಿಕ್ಕಿಹಾಕಿಕೊಂಡಂತೆ ಅಥವಾ ಕುಸಿದಂತೆ ಆದರೆ, ರಾತ್ರಿ ಮಲಗಿದಾಗಲೂ ಮೂಳೆಯಲ್ಲಿ ನೋವಿದ್ದರೆ ಮಾರ್ಗದರ್ಶಿಯನ್ನು ಮುಚ್ಚಿಟ್ಟು ಅದೇ ದಿನ ವೈದ್ಯರ ಬಳಿಗೆ ಹೋಗಿ. ಉಜ್ಜಿಸಿಕೊಳ್ಳಲು, ಎಳೆಸಿಕೊಳ್ಳಲು ಹೋಗಬೇಡಿ.

ಊಟ, ನಿದ್ದೆ

ಪ್ರಾಣಿಗಳ ಮೂಳೆ, ಚರ್ಮದ ಕೊಲಾಜೆನ್‌ನಿಂದ ತೆಗೆಯುವ ಜೆಲಟಿನ್ 15 ಗ್ರಾಂ ಮತ್ತು ಸಿ ಜೀವಸತ್ವವನ್ನು ಒಂದು ಗಂಟೆ ಮೊದಲು ಸೇವಿಸಿ ಆರು ನಿಮಿಷ ಸ್ಕಿಪ್ಪಿಂಗ್ ಮಾಡಿದಾಗ ಕೊಲಾಜೆನ್ ತಯಾರಿಕೆಯ ಸೂಚಕ ಏರಿತೆಂಬ ಪ್ರಯೋಗ ನಡೆದದ್ದು ಕೇವಲ ಎಂಟು ಜನರ ಮೇಲೆ, ಮತ್ತು ಅದು ಜಿಗಿತವನ್ನು ಅಳೆಯಲಿಲ್ಲ. ಕಾಲು ಸೂಪು ಕುಡಿಯುವ ಮನೆಯವರು ಕುಡಿಯಲಿ. ಸಸ್ಯಾಹಾರಿಗಳು ಇದಕ್ಕಾಗಿ ಚಿಂತಿಸಬೇಕಿಲ್ಲ. ನೆಲ್ಲಿಕಾಯಿ ಅಥವಾ ಪೇರಲೆ, ಮೂರೂ ಹೊತ್ತಿನ ಊಟದಲ್ಲಿ ಬೇಳೆ, ಮೊಸರು, ಮೊಟ್ಟೆ ಅಥವಾ ಮೀನಿನಲ್ಲಿ ಒಂದಾದರೂ, ಎಂಟು ಗಂಟೆ ನಿದ್ದೆ: ಇಷ್ಟಕ್ಕೆ ಮೊದಲ ಮಣೆ.

ಪಂದ್ಯಗಳ ಕಾಲದಲ್ಲಿ

ರಾತ್ರಿ ಎಂಟಕ್ಕೆ ಆರಂಭವಾಗಿ ಬೆಳಗಿನ ಜಾವದವರೆಗೆ ನಡೆಯುವ ಪಂದ್ಯಾವಳಿಯಲ್ಲಿ ಒಂದು ತಂಡ ಮೂರು ನಾಲ್ಕು ಪಂದ್ಯ ಆಡುವುದುಂಟು. ಪಂದ್ಯಗಳ ನಡುವೆ ಮಲೆನಾಡಿನ ಚಳಿಯಲ್ಲಿ ಕುಳಿತುಬಿಟ್ಟರೆ ಕಾಲು ಬಿಗಿಯುತ್ತದೆ. ಪ್ಯಾಂಟು ಹಾಕಿಕೊಂಡು ಬೆಚ್ಚಗಿದ್ದು, ಮುಂದಿನ ಆಟಕ್ಕೆ ಹತ್ತು ನಿಮಿಷ ಮೊದಲು 20 ಕಣಕಾಲು ಪುಟಿತ, ನಾಲ್ಕು ಓಟದ ಜಿಗಿತ ಮಾಡಿಯೇ ಅಂಗಳಕ್ಕಿಳಿಯಿರಿ. ಪಂದ್ಯಾವಳಿಯ ನಂತರ 72 ಗಂಟೆ ಜಿಗಿತವಿಲ್ಲ. ಆ ವಾರ ಒಂದು ದಿನ ಭಾರದ ವ್ಯಾಯಾಮ ಮಾತ್ರ. ವಾರಕ್ಕೆ ಎರಡು ಪಂದ್ಯಾವಳಿ ಒಪ್ಪಿಕೊಂಡವರು ಪುಟಿತದ ವ್ಯಾಯಾಮವನ್ನು ಪೂರ್ತಿ ಕೈಬಿಡಬೇಕು. ಪಂದ್ಯವೇ ಆ ಲೆಕ್ಕವನ್ನು ತುಂಬಿಬಿಟ್ಟಿರುತ್ತದೆ.

ಅಂಕಿ ಏರದಿದ್ದರೆ

8, 16 ಮತ್ತು 24ನೆಯ ವಾರ ಮೊದಲ ಹಂತದ ಮೂರೂ ಅಳತೆಗಳನ್ನು ಅದೇ ನೆಲ, ಅದೇ ಬೂಟು, ಅದೇ ಹೊತ್ತಿನಲ್ಲಿ ಮತ್ತೆ ತೆಗೆಯಿರಿ. ನಿಂತ ಜಿಗಿತ ಏರಿ ಓಟದ ಜಿಗಿತ ಏರದಿದ್ದರೆ ತೊಡಕಿರುವುದು ಏಳನೆಯ ಹಂತದ ಹೆಜ್ಜೆಗಳಲ್ಲಿ. ನೆಲಸ್ಪರ್ಶದ ಹೊತ್ತು ಇಳಿದು ಎತ್ತರವೂ ಇಳಿದಿದ್ದರೆ ಬಲ ಸಾಲದಾಗಿದೆ, ಮೂರನೆಯ ಹಂತಕ್ಕೆ ನಾಲ್ಕು ವಾರ ಸೇರಿಸಿ. ಮೂರೂ ಇದ್ದಲ್ಲೇ ಇದ್ದರೆ ನೋಟ್‌ಬುಕ್ ತೆರೆದು ಬಿಡುವಿನ ದಿನಗಳನ್ನು ಎಣಿಸಿ. ಅಡಿಕೆ ಕೊಯ್ಲಿನ ವಾರಗಳಲ್ಲಿ ದಿನವಿಡೀ ಗೊನೆ ಹೊತ್ತು ಗುಡ್ಡ ಹತ್ತಿಳಿದ ಕಾಲಿಗೆ ನೀವು ‘ವಿಶ್ರಾಂತಿ’ ಎಂದು ಬರೆದ ದಿನ ವಿಶ್ರಾಂತಿ ಸಿಕ್ಕಿರುವುದಿಲ್ಲ. ಆ ವಾರಗಳನ್ನು ಲೆಕ್ಕದಿಂದ ತೆಗೆದು, ಅಷ್ಟೇ ವಾರಗಳನ್ನು ಕೊನೆಗೆ ಸೇರಿಸಿಕೊಂಡು, ಎರಡು ವಾರ ಬಿಟ್ಟು ಮತ್ತೊಮ್ಮೆ ಅಳೆಯಿರಿ.